ಬೇಲಿ ಜಗಳಕ್ಕೆ ಯಜಮಾನನೇ ಹೋದರೆ: ಝಾರ್ ದೊರೆಯ ಪತನವನ್ನು ಪಾಠ ಮಾಡಿದ ಒಂದು ಪ್ರಕರಣ

ತೀರ್ಥಹಳ್ಳಿ ಕಡೆಯ ಒಂದು ಪದವಿ ಕಾಲೇಜಿನ ಇತಿಹಾಸ ತರಗತಿಯಲ್ಲಿ ನಡೆದದ್ದು ಇದು. ಪಾಠ ಮಾಡಿದವನು ನಾನೇ. ಕಾಲೇಜಿನ ಹೆಸರು ಹೇಳುವುದಿಲ್ಲ. ವಿದ್ಯಾರ್ಥಿಗಳ ಹೆಸರು ಬದಲಿಸಿದ್ದೇನೆ, ಅವರ ಊರುಗಳನ್ನೂ ಸ್ವಲ್ಪ ಆಚೆ ಈಚೆ ಮಾಡಿದ್ದೇನೆ. ಇದೇ ಪಾಠ ಮಾಡುವ ಬೇರೆ ಅಧ್ಯಾಪಕರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಮೊದಲ ಮೂರು ಸಲ ನಾನು ಎಡವಿದ್ದನ್ನೂ ಬಿಡದೆ ಹೇಳುತ್ತೇನೆ.

ಹಿನ್ನೆಲೆ

ಬಿಎ ಕೊನೆಯ ವರ್ಷದ ತರಗತಿ, 26 ಜನ. ಹೆಚ್ಚಿನವರು ಅಡಿಕೆ ತೋಟದ, ಗದ್ದೆಯ, ಕೂಲಿಯ ಮನೆಗಳಿಂದ ಬಂದವರು. ಬೆಳಿಗ್ಗೆಯ ಒಂದು ಬಸ್ ತಪ್ಪಿದರೆ ಮೊದಲ ಪೀರಿಯಡ್ ತಪ್ಪಿದ ಹಾಗೆಯೇ. ವಿಷಯ ಆಧುನಿಕ ಯುರೋಪಿನ ಇತಿಹಾಸ. ನಾವು ರಷ್ಯಾಕ್ಕೆ ಬರುವ ಹೊತ್ತಿಗೆ ಜುಲೈ. ಹೊರಗೆ ಆರಿದ್ರೆ ಮುಗಿದು ಪುನರ್ವಸು ಶುರುವಾಗಿತ್ತು. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಹಿಂದಿನ ಬೆಂಚಿನವರಿಗೆ ನನ್ನ ಮಾತು ಅರ್ಧ ಮಾತ್ರ ಕೇಳುತ್ತಿತ್ತು.

ಪಾಠದ ಪ್ರಶ್ನೆ ಹೀಗಿತ್ತು: ಮೊದಲೇ ತತ್ತರಿಸುತ್ತಿರುವ ಒಂದು ಅರಸೊತ್ತಿಗೆಯನ್ನು ದೊಡ್ಡ ಯುದ್ಧವೊಂದು ಹೇಗೆ ಇನ್ನಷ್ಟು ಬಲಹೀನ ಮಾಡುತ್ತದೆ? ರಷ್ಯಾದ ಎರಡನೇ ನಿಕೋಲಸ್ ದೊರೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸಿ.

ರಷ್ಯಾದ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ನಿಕೋಲಸ್ ಪಟ್ಟಕ್ಕೆ ಬಂದದ್ದು 1894ರಲ್ಲಿ. 1904ರಲ್ಲಿ ಜಪಾನಿನ ಜೊತೆ ಯುದ್ಧವಾಯಿತು. 1905ರ ಜನವರಿಯಲ್ಲಿ ಅರ್ಜಿ ಹಿಡಿದು ಅರಮನೆಯ ಕಡೆ ಹೊರಟಿದ್ದ ಜನರ ಮೇಲೆ ರಾಜಧಾನಿಯಲ್ಲಿ ಗುಂಡು ಹಾರಿತು. ದೇಶವೆಲ್ಲ ಹೊತ್ತಿಕೊಂಡಿತು. ಅಕ್ಟೋಬರ್‌ನಲ್ಲಿ ದೊರೆ ಬೇರೆ ದಾರಿ ಕಾಣದೆ ಡ್ಯೂಮಾ ಎಂಬ ಶಾಸನಸಭೆಯನ್ನು ಒಪ್ಪಿಕೊಂಡ. ಒಪ್ಪಿಕೊಂಡದ್ದನ್ನು ಮುಂದೆ ಒಂದೊಂದಾಗಿ ಕಿತ್ತುಕೊಂಡ. 1907ರಲ್ಲಿ ಚುನಾವಣೆಯ ಕಾನೂನನ್ನೇ ಬದಲಿಸಿ ಬಡವರ ಮತಕ್ಕೆ ಬೆಲೆ ಇಲ್ಲದಂತೆ ಮಾಡಿದ. 1913ರಲ್ಲಿ ರೊಮನೋವ್ ವಂಶದ 300 ವರ್ಷದ ಸಂಭ್ರಮ ನಡೆಯಿತು. ಮರುವರ್ಷ ಮೊದಲ ಮಹಾಯುದ್ಧ. 1917ರಲ್ಲಿ ಸಿಂಹಾಸನವೇ ಇಲ್ಲ.

ಸಮಸ್ಯೆ

ಮೊದಲ ಸಲ ನಾನು ಎಲ್ಲರೂ ಮಾಡುವ ಹಾಗೆ ಕಾರಣಗಳ ಪಟ್ಟಿ ಕೊಟ್ಟೆ. ರಾಜಕೀಯ, ಆರ್ಥಿಕ, ಸೈನಿಕ, ತಕ್ಷಣದ ಕಾರಣ. ಮಕ್ಕಳು ಬರೆದುಕೊಂಡರು. ವಾರ ಬಿಟ್ಟು ಪುಸ್ತಕ ಮುಚ್ಚಿಸಿ, ಒಂದು ಪುಟ ಬರೆಯಿರಿ ಅಂದೆ.

ಇಬ್ಬರನ್ನು ಬಿಟ್ಟು ಎಲ್ಲರ ಉತ್ತರವೂ ಒಂದೇ: ರಷ್ಯಾ ಯುದ್ಧದಲ್ಲಿ ಸೋತಿತು, ಜನರಿಗೆ ಸಿಟ್ಟು ಬಂತು, ದೊರೆ ಬಿದ್ದ.

ಕೇಳಲಿಕ್ಕೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಇದು ನಿಲ್ಲುವ ಉತ್ತರ ಅಲ್ಲ. 1905ರಲ್ಲಿ ರಷ್ಯಾ ಇದಕ್ಕಿಂತ ಕೆಟ್ಟದಾಗಿ ಸೋತಿತ್ತು. ಅರ್ಧ ಭೂಮಿ ಸುತ್ತಿ ಬಂದ ಅದರ ನೌಕಾಪಡೆ ತ್ಸುಶಿಮಾದಲ್ಲಿ ಎರಡು ದಿನದೊಳಗೆ ಮುಳುಗಿತ್ತು. ಆದರೂ ಸಿಂಹಾಸನ ಉಳಿಯಿತು. 1917ರ ಆರಂಭದಲ್ಲಿ ಪರಿಸ್ಥಿತಿ ಹಾಗಿರಲಿಲ್ಲ. ಜರ್ಮನ್ ಸೈನ್ಯ ರಾಜಧಾನಿಯಿಂದ ಬಹಳ ದೂರದಲ್ಲಿತ್ತು. ಹಿಂದಿನ ಬೇಸಿಗೆಯಲ್ಲಷ್ಟೇ ಸೇನಾಪತಿ ಬ್ರುಸಿಲೋವ್ ಆಸ್ಟ್ರಿಯಾದ ಸೈನ್ಯವನ್ನು ಮುರಿದು ಹಾಕಿದ್ದ. ಸೈನ್ಯ ಇನ್ನೂ ನಿಂತೇ ಇತ್ತು. ನಿಂತಿದ್ದಾಗಲೇ ದೊರೆ ಬಿದ್ದ.

ಹಾಗಾದರೆ ಯುದ್ಧ ಮುರಿದದ್ದು ಏನನ್ನು? ನನ್ನ ಮಕ್ಕಳಿಗೆ ಈ ಪ್ರಶ್ನೆ ಕಾಣುವಂತೆ ಮಾಡುವುದೇ ನನ್ನ ಕೆಲಸವಾಗಿತ್ತು. ಪಟ್ಟಿ ಕೊಟ್ಟು ಅದನ್ನು ನಾನೇ ಮುಚ್ಚಿ ಹಾಕಿದ್ದೆ.

ಮಾಡಿ ನೋಡಿದ್ದು

ಎರಡನೇ ಸಲ ತೋಟದ ಹೋಲಿಕೆ ತಂದೆ. ಮಳೆ ಎಲ್ಲ ತೋಟಕ್ಕೂ ಬೀಳುತ್ತದೆ, ಕೊಳೆ ರೋಗ ಎಲ್ಲ ತೋಟಕ್ಕೂ ಒಂದೇ ಥರ ಬರುವುದಿಲ್ಲ. ಹೊತ್ತಿಗೆ ಸರಿಯಾಗಿ ಬೋರ್ಡೋ ಔಷಧಿ ಹೊಡೆದವನ ಗೊನೆ ಉಳಿಯುತ್ತದೆ. ಯುದ್ಧವೂ ಹಾಗೆ, ಬ್ರಿಟನ್ನಿನ ದೊರೆಯ ಮೇಲೂ ಬಿತ್ತು, ರಷ್ಯಾದ ದೊರೆಯ ಮೇಲೂ ಬಿತ್ತು ಅಂದೆ. ಮಕ್ಕಳ ಮುಖ ಅರಳಿತು. ನನಗೂ ಖುಷಿಯಾಯಿತು.

ಮುಂದಿನ ಉತ್ತರಗಳನ್ನು ಓದಿದಾಗ ತಪ್ಪು ಗೊತ್ತಾಯಿತು. ಎಲ್ಲರೂ "ಯುದ್ಧ ಬಂತು" ಅಂತ ಬರೆದಿದ್ದರು, ಮಳೆ ಬಂತು ಅನ್ನುವ ಹಾಗೆಯೇ. ಮಳೆಯನ್ನು ತೋಟದವನು ಕರೆಯುವುದಿಲ್ಲ. ಯುದ್ಧಕ್ಕೆ ಸೈನ್ಯ ಸೇರಿಸುವ ಆಜ್ಞೆಗೆ ಸಹಿ ಹಾಕಿದ್ದು ನಿಕೋಲಸ್. 1914ರ ಜುಲೈ 29ರಂದು ಪೂರ್ತಿ ಸೈನ್ಯ ಸೇರಿಸಲು ಒಪ್ಪಿದ. ಆ ರಾತ್ರಿ ಜರ್ಮನಿಯ ಕೈಸರನ ತಂತಿ ಬಂದ ಮೇಲೆ ಆಜ್ಞೆ ಹಿಂತೆಗೆದ. ಮರುದಿನ ಮಂತ್ರಿ, ಸೇನಾಪತಿಗಳ ಒತ್ತಾಯಕ್ಕೆ ಮತ್ತೆ ಒಪ್ಪಿದ. ನನ್ನ ಹೋಲಿಕೆಯಲ್ಲಿ ಈ ಒಂದು ದಿನದ ತೊಳಲಾಟಕ್ಕೆ ಜಾಗವೇ ಇರಲಿಲ್ಲ. ಹೋಲಿಕೆ ಚೆನ್ನಾಗಿದ್ದಷ್ಟೂ ಅಪಾಯ ಜಾಸ್ತಿ ಅಂತ ಆಗ ನನಗೆ ತಿಳಿಯಿತು.

ಮೂರನೇ ಸಲ ನಗರದ ಕೋಟೆಗೆ ಹೋದೆವು. ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಶನಿವಾರ. ಹಳೆಯ ಬಿದನೂರು ಅದು, ಕೆಳದಿ ಅರಸರ ಕೊನೆಯ ರಾಜಧಾನಿ. ಪಾಚಿ ಹಿಡಿದ ಗೋಡೆ, ಜಾರುವ ಮೆಟ್ಟಿಲು. 1763ರಲ್ಲಿ ಹೈದರಾಲಿ ಇದನ್ನು ಹಿಡಿದಾಗ ರಾಣಿ ವೀರಮ್ಮಾಜಿಯ ಆಳ್ವಿಕೆ ಮುಗಿಯಿತು. ಪಟ್ಟ ಯಾರಿಗೆ ಅನ್ನುವ ಜಗಳ ಮೊದಲೇ ಇತ್ತು. ಮಕ್ಕಳಿಗೆ ಊರಿನ ಕಥೆ ಅಂತ ಪ್ರೀತಿ. ಆದರೆ ಈ ಪಾಠಕ್ಕೆ ಅದು ಹೊಂದಲಿಲ್ಲ. ಬಿದನೂರನ್ನು ಹೊರಗಿನವನು ಬಂದು ಹಿಡಿದ. ರಷ್ಯಾದ ರಾಜಧಾನಿ ಪೆಟ್ರೊಗ್ರಾಡಿಗೆ ಯಾರೂ ದಂಡೆತ್ತಿ ಬರಲಿಲ್ಲ. ಕೋಟೆ ನೋಡಿ ಬಂದ ಮೇಲೆ ಮಕ್ಕಳ ತಲೆಯಲ್ಲಿ "ಸೋತರೆ ಹೋಯಿತು" ಅನ್ನುವುದು ಇನ್ನೂ ಗಟ್ಟಿಯಾಯಿತು. ಪ್ರವಾಸಕ್ಕೆ ಪ್ರವಾಸ ಚೆನ್ನಾಗಿತ್ತು, ಅಷ್ಟೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗ ಕೇಳಿದ, "ಸರ್, ಮೈಸೂರು ಮಹಾರಾಜರೂ ಅದೇ ಯುದ್ಧಕ್ಕೆ ಕುದುರೆ ಪಡೆ ಕಳಿಸಿದ್ರಲ್ಲ. ಅವರಿಗೆ ಎಂತಕ್ಕೆ ಏನೂ ಆಗ್ಲಿಲ್ಲ?" ಒಳ್ಳೆಯ ಪ್ರಶ್ನೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದವರಲ್ಲಿ ಮೈಸೂರಿನ ಸವಾರರೂ ಇದ್ದರು. ಅದೇ 1918ರಲ್ಲಿ ನಾಲ್ವಡಿಯವರ ಆಳ್ವಿಕೆಯಲ್ಲಿ ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. ಯುದ್ಧ ಮಾಡುವ, ಬಿಡುವ ತೀರ್ಮಾನ ಮೈಸೂರಿನದ್ದಾಗಿರಲಿಲ್ಲ. ಹೋದದ್ದು ಒಂದು ಸಣ್ಣ ಪಡೆ. ಗೆದ್ದರೆ ಅರಸರಿಗೆ ಹೆಸರು, ಸೋತರೆ ಬೈಗುಳ ಬ್ರಿಟಿಷರಿಗೆ. "ಅಂದ್ರೆ ಬೈಗುಳ ಯಾರ ಬಾಗಿಲಿಗೆ ಹೋಗ್ತದೆ ಅನ್ನೋದು ಮುಖ್ಯ" ಅಂದ ಅವನು. ಆಗ ನಾನು ಸುಮ್ನೆ ತಲೆಯಾಡಿಸಿದೆ. ಮುಂದಿನ ಪಾಠದ ಬೀಜ ಆ ಮಾತಿನಲ್ಲಿತ್ತು ಅಂತ ಹೊಳೆದದ್ದು ಮನೆಗೆ ಬಂದ ಮೇಲೆ.

ನಾಲ್ಕನೇ ಸಲ ಪಾಠ ಮಾಡುವುದನ್ನೇ ಬಿಟ್ಟೆ. ತೀರ್ಮಾನಗಳನ್ನು ಮಕ್ಕಳ ಕೈಗೆ ಕೊಟ್ಟೆ. ಅವರನ್ನು ಐದು ಗುಂಪು ಮಾಡಿದೆ: ಖಜಾನೆ, ರೈಲ್ವೆ, ಸೈನ್ಯದ ಅಧಿಕಾರಿಗಳು, ಡ್ಯೂಮಾ, ರಾಜಧಾನಿಯ ಜನ. ಪ್ರತಿ ಗುಂಪಿಗೂ ಒಂದು ಹಾಳೆ. 1914ರಿಂದ 1917ರವರೆಗೆ ಆಗಿಹೋದದ್ದನ್ನು ಒಂದೊಂದೇ ಚೀಟಿಯಲ್ಲಿ ಬರೆದು ತಂದಿದ್ದೆ. ಚೀಟಿ ಓದಿದ ಮೇಲೆ ಗುಂಪಿನವರು ಎರಡು ಮಾತು ಹೇಳಬೇಕು. ಈಗ ನಮ್ಮ ಹತ್ತಿರ ಏನು ಉಳಿದಿದೆ? ಇದಕ್ಕೆ ನಾವು ಯಾರನ್ನು ಬೈಯುತ್ತೇವೆ?

ಎರಡನೆಯ ಪ್ರಶ್ನೆ ಆ ಬಸ್ಸಿನ ಹುಡುಗನದ್ದು.

ನಡೆದದ್ದು

ಮೊದಲ ಚೀಟಿ ಯುದ್ಧಕ್ಕೂ ಆರು ತಿಂಗಳು ಮೊದಲಿನದ್ದು. 1914ರ ಫೆಬ್ರವರಿಯಲ್ಲಿ ದುರ್ನೊವೊ ಎಂಬ ಹಳೆಯ ಒಳಾಡಳಿತ ಮಂತ್ರಿ ದೊರೆಗೆ ಒಂದು ಟಿಪ್ಪಣಿ ಕಳಿಸಿದ್ದ. ಅವನು ಕ್ರಾಂತಿಕಾರಿ ಅಲ್ಲ, ದೊರೆಯ ಪಕ್ಷದ ಕಟ್ಟಾ ಮನುಷ್ಯ. ಜರ್ಮನಿಯ ಜೊತೆ ಯುದ್ಧವಾದರೆ ಹೊರೆ ಹೆಚ್ಚಾಗಿ ನಮ್ಮ ಮೇಲೆ ಬೀಳುತ್ತದೆ, ದೊಡ್ಡ ಫಿರಂಗಿ ಸಾಲದು, ರೈಲು ಸಾಲದು, ಸೋತರೆ ಕ್ರಾಂತಿ ತಪ್ಪಿದ್ದಲ್ಲ ಅಂತ ಬರೆದಿದ್ದ. ಚೀಟಿ ಓದಿದ ಹುಡುಗಿ ಎರಡೆರಡು ಸಲ ತಾರೀಖು ನೋಡಿದಳು. "ಇದು ಮೊದಲೇ ಬರೆದದ್ದಾ ಸರ್?" ಅಂದಳು. ಹೌದು ಅಂದೆ. ತರಗತಿ ಸುಮ್ಮನಾಯಿತು. ಯುದ್ಧ ಮಳೆ ಅಲ್ಲ ಅನ್ನುವುದು ಆ ಕ್ಷಣಕ್ಕೆ ಅವರಿಗೆ ಅರ್ಥವಾಯಿತು. ನಾನು ಬಾಯಿ ಬಿಡಬೇಕಾಗಲಿಲ್ಲ.

ಖಜಾನೆಯ ಗುಂಪಿಗೆ ಬಂದ ಚೀಟಿ ಹೆಂಡದ್ದು. ಯುದ್ಧ ಶುರುವಾದಾಗ ದೊರೆ ವೋಡ್ಕಾ ಮಾರಾಟ ನಿಲ್ಲಿಸಿದ. ಸೈನಿಕರು ಕುಡಿಯಬಾರದು ಅನ್ನುವ ಒಳ್ಳೆಯ ಉದ್ದೇಶ. ಆದರೆ ಸರ್ಕಾರದ ಆದಾಯದ ಸುಮಾರು ಕಾಲು ಭಾಗ ಬರುತ್ತಿದ್ದದ್ದು ಅದರಿಂದಲೇ. ಖರ್ಚು ಏರುವ ಹೊತ್ತಿಗೇ ಆದಾಯ ಬಿತ್ತು. ಮತ್ತೆ? ಸಾಲ ತಂದರು, ನೋಟು ಅಚ್ಚು ಹಾಕಿದರು. 1917ರ ಹೊತ್ತಿಗೆ ಬೆಲೆಗಳು ಯುದ್ಧಕ್ಕೆ ಮೊದಲಿದ್ದದ್ದರ ಸುಮಾರು ನಾಲ್ಕು ಪಟ್ಟು. ಖಜಾನೆಯ ಹುಡುಗರು ಇದನ್ನು ಬೇಗ ಹಿಡಿದರು. ಅಡಿಕೆ ಧಾರಣೆ ಇಳಿದ ವರ್ಷವೇ ಮನೆಯಲ್ಲಿ ಮದುವೆ ಬಂದರೆ ಏನಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಧಿಕಾರಿಗಳ ಗುಂಪಿನ ಚೀಟಿ ಜರ್ಮನರ ಎದುರು ನಡೆದ ಟ್ಯಾನೆನ್‌ಬರ್ಗ್ ಕದನದ್ದು. 1914ರ ಆಗಸ್ಟ್ ಕೊನೆಯಲ್ಲಿ ರಷ್ಯಾದ ಒಂದು ಇಡೀ ಸೈನ್ಯ ಮುತ್ತಿಗೆಯಲ್ಲಿ ಸಿಕ್ಕಿಬಿತ್ತು. ಸುಮಾರು 90 ಸಾವಿರ ಜನ ಸೆರೆಯಾದರು. ಸೇನಾಪತಿ ಸಾಮ್ಸೊನೋವ್ ಕಾಡಿನಲ್ಲಿ ತಾನೇ ಗುಂಡು ಹಾರಿಸಿಕೊಂಡ. ಮೊದಲಿನ ಸಲಗಳಲ್ಲಿ ನಾನು ಇಲ್ಲೇ ಹೆಚ್ಚು ಹೊತ್ತು ನಿಂತು ನಕ್ಷೆ ಬಿಡಿಸುತ್ತಿದ್ದೆ. ಈ ಸಲ ನಿಲ್ಲಲಿಲ್ಲ. ಬದಲಿಗೆ ಒಂದು ಸಣ್ಣ ಮಾತು ಸೇರಿಸಿದೆ. ಮೊದಲ ವರ್ಷದಲ್ಲಿ ಸತ್ತವರಲ್ಲಿ, ಸೆರೆಯಾದವರಲ್ಲಿ ಹಳೆಯ ಅಧಿಕಾರಿಗಳು ಬಹಳ ಜನ, ಚಿಕ್ಕಂದಿನಿಂದ ದೊರೆಯ ಉಪ್ಪು ತಿಂದು ಬೆಳೆದವರು. ಅವರ ಜಾಗಕ್ಕೆ ಬಂದವರು ಶಾಲೆ ಮೇಷ್ಟ್ರುಗಳು, ಗುಮಾಸ್ತರು, ವಿದ್ಯಾರ್ಥಿಗಳು, ರೈತರ ಮಕ್ಕಳು. ಅವರೂ ಧೈರ್ಯವಂತರೇ. ಆದರೆ ಸಿಂಹಾಸನದ ಜೊತೆ ಅವರಿಗೆ ಆ ಹಳೆಯ ನಂಟು ಇರಲಿಲ್ಲ. "1905ರಲ್ಲಿ ಜನರ ಮೇಲೆ ಗುಂಡು ಹಾರಿಸಿದ ಸೈನ್ಯ ಇದಲ್ಲ ಹಾಗಾದ್ರೆ" ಅಂತ ಆ ಗುಂಪಿನವರೇ ಬರೆದರು. ನಾನು ವರ್ಷಗಳಿಂದ ವಿವರಿಸಲು ಒದ್ದಾಡಿದ ಮಾತು ಅದು.

ಅದಾದ ಮೇಲೆ ಮೂರು ದಿನ ಮಳೆ ರಜೆ. ನಾಲ್ಕನೆಯ ದಿನ ಬಂದವರು ಅರ್ಧ ಜನ. ರೈಲ್ವೆ ಗುಂಪಿನಲ್ಲಿದ್ದ ವಿನಯನ ಊರಿಗೆ ಹೋಗುವ ದಾರಿಯಲ್ಲಿ ಧರೆ ಕುಸಿದಿತ್ತು. ಅವನು ತೋಟದ ಒಳದಾರಿಯಲ್ಲಿ ನಡೆದು, ಇನ್ನೊಬ್ಬರ ಬೈಕ್ ಹತ್ತಿ ಬಂದಿದ್ದ. ಪ್ಯಾಂಟು ಮೊಣಕಾಲಿನ ತನಕ ಕೆಸರು, ಕಾಲಲ್ಲಿ ಇಂಬಳ ಕಚ್ಚಿದ ಗುರುತು. ಕರೆಂಟ್ ಇಲ್ಲ, ಕಿಟಕಿ ಹತ್ತಿರ ಕೂತು ಚೀಟಿ ಓದಿದ. ಅದರಲ್ಲಿ ಹೀಗಿತ್ತು: ಯುದ್ಧದಿಂದಾಗಿ ಧಾನ್ಯ ಹೊರದೇಶಕ್ಕೆ ಹೋಗುವುದು ನಿಂತಿದೆ. ಹಾಗಾಗಿ ದೇಶದಲ್ಲಿ ಧಾನ್ಯ ಇದೆ. ಆದರೂ ಪೆಟ್ರೊಗ್ರಾಡಿನಲ್ಲಿ ಬ್ರೆಡ್ಡಿಗೆ ಸರತಿ ಸಾಲು.

"ಇದು ಹೇಗೆ ಸಾಧ್ಯ?" ಅಂತ ಡ್ಯೂಮಾ ಗುಂಪಿನವರು ಜಗಳಕ್ಕೇ ಬಂದರು.

ವಿನಯ ಹೇಳಿದ, "ನಮ್ಮನೇಲಿ ಹತ್ತು ದಿನದಿಂದ ಗ್ಯಾಸ್ ಇಲ್ಲ. ಪೇಟೆ ಗೋಡೌನಲ್ಲಿ ಸಿಲಿಂಡರ್ ರಾಶಿ ಬಿದ್ದಿದೆ, ನಾನೇ ನೋಡಿದ್ದೇನೆ. ಲಾರಿ ಬರೋಕೆ ದಾರಿ ಇಲ್ಲ. ನಮ್ಮಮ್ಮ ಬೈಯೋದು ಯಾರನ್ನ ಗೊತ್ತಾ? ದಾರಿಯನ್ನಲ್ಲ, ಏಜೆನ್ಸಿಯವರನ್ನ."

ಪೂರ್ವ ರಣರಂಗಕ್ಕೆ ಸೈನಿಕರು, ಮದ್ದುಗುಂಡು, ಕುದುರೆಗೆ ಹುಲ್ಲು ಸಾಗಿಸಿ ರಷ್ಯಾದ ರೈಲು ಸೋತುಹೋಗಿತ್ತು. ಎಂಜಿನ್ನುಗಳು ಕೆಟ್ಟು ನಿಂತಿದ್ದವು. ಇನ್ನೊಂದು ಕಡೆ ಹಳ್ಳಿಯ ರೈತನಿಗೆ ಧಾನ್ಯ ಮಾರುವ ಮನಸ್ಸಿಲ್ಲ. ಕಾರ್ಖಾನೆಗಳೆಲ್ಲ ಫಿರಂಗಿ ಗುಂಡು ಮಾಡುತ್ತಿದ್ದವು. ಮೊಳೆ, ಬಟ್ಟೆ, ನೇಗಿಲಿನ ಕಬ್ಬಿಣ ಸಿಗುತ್ತಿರಲಿಲ್ಲ. ಮಾರಿ ಬಂದ ನೋಟಿನಿಂದ ಏನು ಕೊಳ್ಳುವುದು? ಅವನು ಧಾನ್ಯವನ್ನು ಕಣಜದಲ್ಲೇ ಇಟ್ಟುಕೊಂಡ. ವಿನಯನ ಸಿಲಿಂಡರಿನಿಂದ ಇಷ್ಟು ದೂರ ಬರಲು ಐದು ನಿಮಿಷವೂ ಬೇಕಾಗಲಿಲ್ಲ. ಇಲ್ಲಿ ಒಂದು ಎಚ್ಚರಿಕೆ ಕೊಡಬೇಕಿತ್ತು, ಕೊಟ್ಟೆ. ಧರೆ ಕುಸಿತ ಹತ್ತು ದಿನದ್ದು. ಪೆಟ್ರೊಗ್ರಾಡಿನ ಹೆಂಗಸರು ಎರಡು ಚಳಿಗಾಲ ಸಾಲಿನಲ್ಲಿ ನಿಂತಿದ್ದರು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಚೀಟಿ. 1915ರ ಆಗಸ್ಟ್.

ಆ ಬೇಸಿಗೆಯಲ್ಲಿ ರಷ್ಯಾದ ಸೈನ್ಯ ಪೋಲೆಂಡ್ ಬಿಟ್ಟು ಹಿಂದೆ ಸರಿಯಿತು. ವಾರ್ಸಾ ಹೋಯಿತು. ಗುಂಡಿಲ್ಲ, ಕೆಲವು ಕಡೆ ಕೋವಿಯೂ ಇಲ್ಲ. ಲಕ್ಷ ಲಕ್ಷ ನಿರಾಶ್ರಿತರು ರಸ್ತೆಯಲ್ಲಿ. ಆಗಿನ ಮಹಾಸೇನಾಪತಿ ದೊರೆಗೆ ಚಿಕ್ಕಪ್ಪನ ವರಸೆಯ ನಿಕೊಲಾಯ್ ನಿಕೊಲಾಯೆವಿಚ್. ದೊರೆ ಅವನನ್ನು ಇಳಿಸಿ, ತಾನೇ ಸೈನ್ಯದ ನಾಯಕನಾಗುತ್ತೇನೆ ಅಂದ. ಹಲವು ಮಂತ್ರಿಗಳು ಸಹಿ ಹಾಕಿ, ದಯವಿಟ್ಟು ಬೇಡ ಅಂತ ಪತ್ರ ಬರೆದರು.

ಚೀಟಿಯಲ್ಲಿ ಇಷ್ಟೇ ಇತ್ತು. ಮುಂದಿನದನ್ನು ಮುಚ್ಚಿಟ್ಟು ಕೇಳಿದೆ: ನೀವು ಮಂತ್ರಿಗಳಾಗಿದ್ದರೆ ಏನು ಹೇಳುತ್ತಿದ್ದಿರಿ?

ಇಡೀ ತರಗತಿ ದೊರೆಯ ಪರ. ಕಷ್ಟ ಬಂದಾಗ ಅರಸ ಮುಂದೆ ನಿಲ್ಲಬೇಕು, ಅರಮನೆಯಲ್ಲಿ ಕೂರಬಾರದು. ಕೆಳದಿ ಚೆನ್ನಮ್ಮ ಕೂತಿದ್ದಳಾ? ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೇ ಎದುರಿಸಲಿಲ್ಲವಾ? ಅವರ ಮಾತಿನಲ್ಲಿ ನಿಜವಾದ ಆವೇಶ ಇತ್ತು. ನಾನು ತಡೆಯಲಿಲ್ಲ.

ಒಬ್ಬಳು ಮಾತ್ರ ಬೇಡ ಅಂದಳು. ಅವಳನ್ನು ಇಲ್ಲಿ ಸುಮಿತ್ರಾ ಅನ್ನೋಣ. ಮೂರು ತಿಂಗಳಲ್ಲಿ ತಾನಾಗಿ ಎದ್ದು ನಿಂತು ಮಾತಾಡಿದ್ದು ಅದೇ ಮೊದಲು. ದನಿ ಸಣ್ಣದು. ಮಳೆಗೆ ಕೇಳಿಸದೆ, ಹತ್ತಿರ ಬಾ ಅಂದೆ. ಬೋರ್ಡಿನ ಪಕ್ಕ ಬಂದು ನಿಂತಳು. ಸೀಮೆಸುಣ್ಣದ ತುಂಡೊಂದನ್ನು ಕೈಯಲ್ಲಿ ಉರುಳಿಸುತ್ತಾ ಹೇಳಿದಳು.

"ಸರ್, ನಮ್ಮ ಮನೆಗೂ ಪಕ್ಕದ ಮನೆಗೂ ಬೇಲಿ ಜಗಳ ಇತ್ತು. ಅಗಳದ ನೀರಿಂದು ಬೇರೆ. ಅಜ್ಜ ಹೋಗ್ತೇನೆ ಅಂತ ಕತ್ತಿ ತಗೊಂಡು ಎದ್ರು. ಅಜ್ಜಿ ಬಿಡ್ಲಿಲ್ಲ. ಮೊದಲು ಅಪ್ಪ ಹೋಗ್ಲಿ, ಅವ ಮಾತಾಡಿ ತಪ್ಪಾದ್ರೆ ನೀವು ಹೋಗಿ ಸರಿ ಮಾಡ್ಬಹುದು. ನೀವೇ ಹೋಗಿ ತಪ್ಪಾದ್ರೆ ಆಮೇಲೆ ಹೋಗೋಕೆ ಯಾರಿದ್ದಾರೆ ಅಂದ್ರು."

ಸ್ವಲ್ಪ ಹೊತ್ತು ನಿಂತು ಮುಂದುವರಿಸಿದಳು. "ಸೇನಾಪತಿ ಸೋತ್ರೆ ಸೇನಾಪತಿಯನ್ನ ಬದಲಿಸ್ಬಹುದು. ದೊರೆಯೇ ಸೇನಾಪತಿ ಆದ್ರೆ, ಸೋತಾಗ ಯಾರನ್ನ ಬದಲಿಸೋದು?"

ಯಾರೂ ಮಾತಾಡಲಿಲ್ಲ. ವಿನಯ ತನ್ನ ಗುಂಪಿನ ಹಾಳೆಯಲ್ಲಿ ಬೈಗುಳದ ಖಾನೆ ನೋಡಿದ. 1914ರಲ್ಲಿ ಅಲ್ಲಿ "ಸೇನಾಪತಿ" ಅಂತ ಇತ್ತು, 1915ರ ಮೊದಲ ಅರ್ಧಕ್ಕೆ "ಯುದ್ಧಮಂತ್ರಿ". ಅದರ ಕೆಳಗೆ ತಾನಾಗಿಯೇ "ದೊರೆ" ಅಂತ ಬರೆದ. ಉಳಿದ ನಾಲ್ಕು ಗುಂಪಿನವರೂ ತಮ್ಮ ಹಾಳೆ ತೆಗೆದು ನೋಡಿದರು. ಐದೂ ಹಾಳೆಯಲ್ಲಿ ಆ ಸಾಲಿಗೆ ಬಂದದ್ದು ಒಂದೇ ಹೆಸರು.

ಆಮೇಲಿನ ಚೀಟಿಗಳು ಓಡಿದವು. ದೊರೆ ಮೊಗಿಲೆವ್ ಊರಿನ ಸೇನಾ ಕೇಂದ್ರಕ್ಕೆ ಹೋಗಿ ಕೂತ. ರಾಜಧಾನಿಯಲ್ಲಿ ರಾಣಿ ಅಲೆಕ್ಸಾಂಡ್ರಾಳ ಮಾತು ನಡೆಯತೊಡಗಿತು. ಅವಳು ಜರ್ಮನಿಯಲ್ಲಿ ಹುಟ್ಟಿದವಳು. ಜರ್ಮನಿಯ ಜೊತೆಗಿನ ಯುದ್ಧದಲ್ಲಿ ಅದೊಂದೇ ಸಾಕಿತ್ತು ಗಾಳಿಮಾತಿಗೆ. ಜೊತೆಗೆ ರಾಸ್ಪುಟಿನ್ ಎಂಬ ಸಾಧು. ಒಂದೂವರೆ ವರ್ಷದಲ್ಲಿ ನಾಲ್ವರು ಪ್ರಧಾನಿಗಳನ್ನು ದೇಶ ಕಂಡಿತು. ಡ್ಯೂಮಾದ ಪಕ್ಷಗಳು ಒಟ್ಟಾಗಿ, ಜನರ ನಂಬಿಕೆ ಇರುವ ಮಂತ್ರಿಮಂಡಲ ಕೊಡಿ, ಯುದ್ಧಕ್ಕೆ ನಾವೂ ಹೆಗಲು ಕೊಡುತ್ತೇವೆ ಅಂದವು. ದೊರೆ ಸಭೆಯನ್ನೇ ಮುಂದೂಡಿದ. ಡ್ಯೂಮಾ ಗುಂಪಿನ ಮಕ್ಕಳಿಗೆ ಇಲ್ಲಿ ನಿಜವಾಗಿ ನೋವಾಯಿತು. "ಬೈಗುಳ ಹಂಚಿಕೊಳ್ತೇವೆ ಅಂತ ಬಂದವರನ್ನ ವಾಪಸ್ ಕಳಿಸ್ದ" ಅಂತ ಬರೆದರು. ನನ್ನ ಪ್ರಕಾರ ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಾಕ್ಯ ಇಲ್ಲ.

ಕೊನೆಯ ಚೀಟಿ 1917ರ ಫೆಬ್ರವರಿ. ಇಲ್ಲಿ ತಾರೀಖಿನ ಗೊಂದಲ ಬರುತ್ತದೆ, ಪಾಠ ಮಾಡುವವರು ಮೊದಲೇ ಹೇಳಿಬಿಡುವುದು ಒಳ್ಳೆಯದು. ರಷ್ಯಾದ ಹಳೆಯ ಪಂಚಾಂಗ ನಮ್ಮ ಈಗಿನ ಕ್ಯಾಲೆಂಡರಿಗಿಂತ 13 ದಿನ ಹಿಂದೆ. ಅವರ ಫೆಬ್ರವರಿ 23 ಅಂದರೆ ನಮ್ಮ ಮಾರ್ಚ್ 8, ಮಹಿಳಾ ದಿನ. ಅಂದು ಬಟ್ಟೆ ಗಿರಣಿಗಳ ಹೆಂಗಸರು ಕೆಲಸ ಬಿಟ್ಟು, ಬ್ರೆಡ್ ಕೊಡಿ ಅಂತ ಬೀದಿಗೆ ಬಂದರು. 26ಕ್ಕೆ ಸೈನಿಕರು ಗುಂಡು ಹಾರಿಸಿದರು. ಮರುದಿನ ಬೆಳಿಗ್ಗೆ ಅದೇ ಸೈನಿಕರಲ್ಲಿ ಒಂದು ತುಕಡಿ, ಇನ್ನು ಜನರ ಮೇಲೆ ಗುಂಡು ಹಾರಿಸುವುದಿಲ್ಲ ಅಂತ ತಿರುಗಿ ನಿಂತಿತು. ಸಂಜೆಯೊಳಗೆ ಬೇರೆ ತುಕಡಿಗಳೂ ಸೇರಿದವು. ರಾಜಧಾನಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರಿದ್ದರು. ಹೆಚ್ಚಿನವರು ಆಗಷ್ಟೇ ಸೇರಿದವರು, ರಣರಂಗಕ್ಕೆ ಹೋಗಲು ಸರದಿ ಕಾಯುತ್ತಿದ್ದವರು. ಅಧಿಕಾರಿಗಳ ಗುಂಪಿನ ಮಕ್ಕಳು ತಮ್ಮ ಹಳೆಯ ಸಾಲಿಗೆ ಬೆರಳಿಟ್ಟು ತೋರಿಸಿದರು.

ದೊರೆ ರೈಲು ಹತ್ತಿ ಮನೆಗೆ ಹೊರಟ. ಅವನ ರೈಲಿಗೇ ದಾರಿ ಇರಲಿಲ್ಲ. ತಿರುಗಿಸಿ ಪ್ಸ್ಕೋವ್ ಊರಿಗೆ ತಂದರು. ಅಷ್ಟರಲ್ಲಿ ಸೇನಾ ಮುಖ್ಯಸ್ಥ ಅಲೆಕ್ಸೆಯೆವ್ ಎಲ್ಲ ರಣರಂಗಗಳ ಸೇನಾಪತಿಗಳಿಗೆ ತಂತಿ ಕಳಿಸಿ ಅಭಿಪ್ರಾಯ ಕೇಳಿದ್ದ. ದೊರೆ ಇಳಿಯುವುದೇ ಒಳ್ಳೆಯದು ಅಂತ ಉತ್ತರಗಳು ಬಂದವು. ಅವುಗಳಲ್ಲಿ ಒಂದು, 1915ರಲ್ಲಿ ದೊರೆ ಕೆಳಗಿಳಿಸಿದ್ದ ಆ ಚಿಕ್ಕಪ್ಪನದ್ದು. ಹಳೆಯ ಪಂಚಾಂಗದ ಮಾರ್ಚ್ 2ರಂದು ರೈಲಿನ ಡಬ್ಬಿಯಲ್ಲೇ ನಿಕೋಲಸ್ ಪಟ್ಟ ಬಿಟ್ಟ. ತಮ್ಮ ಮಿಖಾಯಿಲ್‌ಗೆ ಬಿಟ್ಟುಕೊಟ್ಟ. ಮರುದಿನ ತಮ್ಮ ಬೇಡ ಅಂದ.

ಕಲಿತದ್ದು

ಎರಡು ವಾರ ಬಿಟ್ಟು ಮತ್ತೆ ಅದೇ ಪ್ರಶ್ನೆ ಕೊಟ್ಟೆ. ಎಲ್ಲರೂ ಬದಲಾದರು ಅಂತ ಹೇಳಲಾರೆ. ಆರೇಳು ಜನ ಈಗಲೂ "ಸೋತಿತು, ಬಿದ್ದಿತು" ಅಂತಲೇ ಬರೆದರು. ಮಳೆ ರಜೆಯ ನಂತರದ ವಾರ ಬರದೇ ಇದ್ದವರು ಅವರಲ್ಲಿ ಜಾಸ್ತಿ. ಉಳಿದವರ ಉತ್ತರದಲ್ಲಿ ದೊರೆ ಒಬ್ಬ ಮನುಷ್ಯನಾಗಿ ಕಾಣಿಸಿಕೊಂಡ. ಅವನು ಸಹಿ ಹಾಕುತ್ತಾನೆ, ಹಿಂತೆಗೆಯುತ್ತಾನೆ, ಮಾತು ಕೇಳುವುದಿಲ್ಲ. ಇತಿಹಾಸದ ಉತ್ತರದಲ್ಲಿ ಕ್ರಿಯಾಪದಕ್ಕೆ ಕರ್ತೃ ಸಿಗುವುದು ಸಣ್ಣ ಸಂಗತಿ ಅಲ್ಲ.

ನನಗೆ ಖಚಿತವಾದದ್ದು ಇದು. ಬಲಹೀನ ಅರಸೊತ್ತಿಗೆ ನಿಂತಿರುವುದು ತನ್ನ ಬಲದ ಮೇಲಲ್ಲ. ದೊರೆಗೂ ಜನರಿಗೂ ನಡುವೆ ಹಲವು ಜನ, ಹಲವು ವಸ್ತುಗಳು ಇರುತ್ತವೆ. ಹಳೆಯ ಅಧಿಕಾರಿಗಳು, ಬೈಸಿಕೊಳ್ಳಲು ಮಂತ್ರಿಗಳು, ಹೊತ್ತಿಗೆ ಬರುವ ರೈಲು, ಬೆಲೆ ಇರುವ ನೋಟು. ಮಲೆನಾಡಿನ ಮಣ್ಣಿನ ಗೋಡೆಗೆ ಮಳೆಗಾಲದಲ್ಲಿ ಕಟ್ಟುವ ಸೋಗೆ ತಟ್ಟಿಯ ಹಾಗೆ. ಯುದ್ಧ ಆ ತಟ್ಟಿಯನ್ನೇ ಎಳೆದೆಳೆದು ಬಳಸಿತು. ಕೊನೆಯ ತಟ್ಟಿಯನ್ನು ದೊರೆ ತನ್ನ ಕೈಯಾರೆ ತೆಗೆದ. ಇದೂ ಒಂದು ಹೋಲಿಕೆಯೇ, ಗೊತ್ತು. ಆದರೆ ಇದರಲ್ಲಿ ತೆಗೆದವನು ಯಾರು ಅನ್ನುವುದು ಮರೆಯಾಗುವುದಿಲ್ಲ. ಅದಕ್ಕೇ ಇದನ್ನು ಇಟ್ಟುಕೊಂಡಿದ್ದೇನೆ.

ಇದೇ ಪಾಠ ಮಾಡುವವರಿಗೆ ಒಂದೆರಡು ಮಾತು. ಯುದ್ಧಗಳ ನಕ್ಷೆಗೆ ಕಡಿಮೆ ಸಮಯ ಕೊಡಿ. 1905 ಮತ್ತು 1917 ಎರಡನ್ನೂ ಒಟ್ಟಿಗೇ ಇಡಿ, ಬೇರೆ ಬೇರೆ ದಿನ ಮಾಡಬೇಡಿ. ಒಮ್ಮೆ ಸೋತು ಉಳಿದ, ಇನ್ನೊಮ್ಮೆ ಸೈನ್ಯ ನಿಂತಿರುವಾಗಲೇ ಬಿದ್ದ ಅನ್ನುವ ವ್ಯತ್ಯಾಸವೇ ಪಾಠದ ಬಾಗಿಲು. ಊರಿನ ಉದಾಹರಣೆಯನ್ನು ನಾವೇ ಹುಡುಕಿ ತಂದದ್ದಕ್ಕಿಂತ ಮಕ್ಕಳು ತಂದದ್ದು ಮೇಲು. ನಾನು ತಂದ ಕೊಳೆ ರೋಗ, ಕೋಟೆ ಎರಡೂ ದಾರಿ ತಪ್ಪಿಸಿದವು. ಅವರು ತಂದ ಸಿಲಿಂಡರು, ಬೇಲಿ ಜಗಳ ದಾರಿ ತೋರಿಸಿದವು. 1915ರ ಚೀಟಿ ಕೊಡುವಾಗ ಮುಂದಿನದನ್ನು ಖಂಡಿತ ಮುಚ್ಚಿಡಿ. ಗೊತ್ತಿದ್ದರೆ ಎಲ್ಲರೂ ಬುದ್ಧಿವಂತರೇ. ಗೊತ್ತಿಲ್ಲದಾಗ ಒಬ್ಬಳನ್ನು ಬಿಟ್ಟು ಅಂದು ಬಂದವರೆಲ್ಲ ದೊರೆಯ ಪರ ನಿಂತಿದ್ದರು. ಆ ತೀರ್ಮಾನ ಆಗಿನ ಕಾಲಕ್ಕೆ ಎಷ್ಟು ಸಹಜವಾಗಿ, ಎಷ್ಟು ದೊಡ್ಡ ಮನಸ್ಸಿನದ್ದಾಗಿ ಕಂಡಿರಬಹುದು ಅನ್ನುವುದೂ ಮಕ್ಕಳಿಗೆ ತಿಳಿಯಬೇಕು. ನಿಕೋಲಸನನ್ನು ಮೂರ್ಖ ಅಂತ ಬರೆದು ಮುಗಿಸುವುದು ಸುಲಭ. ನನ್ನ ಮಕ್ಕಳು ಹಾಗೆ ಬರೆಯಲಿಲ್ಲ. ಅವರೂ ಆ ತಪ್ಪನ್ನೇ ಮಾಡಿದ್ದರಲ್ಲ.

ಸೆಪ್ಟೆಂಬರಿನಲ್ಲಿ ಒಂದು ದಿನ ಸುಮಿತ್ರಾ ಸ್ಟಾಫ್ ರೂಮಿಗೆ ಬಂದಳು. ಅಜ್ಜಿಗೆ ಈ ಪಾಠದ ಕಥೆ ಹೇಳಿದಳಂತೆ. ಅಜ್ಜಿ ಪೂರ್ತಿ ಕೇಳಿ, "ಆ ದೊರೆಯ ಹೆಂಡತಿ ಅವನನ್ನ ತಡೀಲಿಲ್ವಾ?" ಅಂತ ಕೇಳಿದರಂತೆ. ಇಲ್ಲ, ಹೋಗು ಅಂದವರಲ್ಲಿ ಅವಳೇ ಮೊದಲು ಅಂದೆ. ಅವಳು ಅದನ್ನು ನೋಟ್ಸ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡು, ಅಜ್ಜಿಗೆ ಹೇಳಬೇಕು ಸರ್ ಅಂತ ಬಸ್ಸಿಗೆ ಓಡಿದಳು.